ತಪ್ಪು ತೋರಿಸುವ ಆಟ

ಜೂನ್ 9, 2001. ಶನಿವಾರ, ಸಂಜೆ 7

ಮತ್ತೆ ಗಂಟಲು ಹೋಯಿತು. ಮತ್ತೆ ಬಿಸಿನೀರು, ಉಪ್ಪು. ನಾನು ಕಲಿಸುತ್ತಿರುವುದು ಜಿಮ್ನಾಸ್ಟಿಕ್ಸೋ, ಬೀದಿಯಲ್ಲಿ ಸೊಪ್ಪು ಕೂಗಿ ಮಾರುವುದೋ ಗೊತ್ತಾಗುವುದಿಲ್ಲ.

ನಾಲ್ಕು ಗಂಟೆಗೆ ಸಂಘದ ಮಹಡಿ ಹಾಲ್‌ನಲ್ಲಿ ಮ್ಯಾಟ್ ಹಾಸಿ ತಲೆ ಎತ್ತುವಷ್ಟರಲ್ಲಿ ಮಕ್ಕಳಲ್ಲಿ ಅಭಿರಾಮ ಕಿಟಕಿಯ ಸರಳಿಗೆ ನೇತಾಡುತ್ತಿದ್ದ. ಇಳಿಸಿದೆ. ಈ ಕಡೆ ತಿರುಗಿದರೆ ಇನ್ನಿಬ್ಬರು ವಾಲ್ಟಿಂಗ್ ಬಾಕ್ಸಿನ ಒಳಗೆ ಸೇರಿಕೊಂಡು ಮುಚ್ಚಳ ಎಳೆದುಕೊಂಡಿದ್ದಾರೆ. ಹಾರಿ ದಾಟಲಿ ಅಂತ ಇಟ್ಟ ಪೆಟ್ಟಿಗೆ ಅದು. ಚೈತನ್ಯಾ ಒಬ್ಬಳು ಹೇಳಿದ ಹಾಗೆ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆಯೂ ಹಿಂದೆಯೂ ಸಾಲೇ ಇರಲಿಲ್ಲ.

ವಿಷಲ್ ಊದುವ ಹಾಗಿಲ್ಲ. ಕೆಳಗೆ ಸಂಘದ ವಾಚನಾಲಯ, ಹಿರಿಯರು ಪೇಪರ್ ಓದುತ್ತಾರೆ. ಕ್ಲಾಸ್ ಮುಗಿದ ಮೇಲೆ ಕಾರ್ಯದರ್ಶಿ ನರಸಿಂಹಯ್ಯನವರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಮಕ್ಕಳು ಇನ್ನೂ ಚಪ್ಪಲಿ ಹುಡುಕುತ್ತಿದ್ದರು, ಅವರ ಎದುರಿಗೇ ಶುರು. ಓದುವವರ ತಲೆ ಮೇಲೆ ಸುಣ್ಣ ಉದುರುತ್ತಿದೆಯಂತೆ. ಇದೇ ಹೊತ್ತಿಗೆ ಯೋಗ ಕ್ಲಾಸಿನವರು ಹಾಲ್ ಕೇಳುತ್ತಿದ್ದಾರಂತೆ. ಅವರಾದರೆ ಮಲಗಿಕೊಂಡೇ ಇರುತ್ತಾರಂತೆ.

“ನೋಡಿ ಗೋದಾ ಅವರೇ, ಇನ್ನೊಂದ್ ಕಂಪ್ಲೇಂಟ್ ಬಂದ್ರೆ ನನ್ ಕೈಲಿ ಏನೂ ಇಲ್ಲ. ಕಮಿಟಿಯವ್ರು ನಿಮ್ ಕ್ಲಾಸ್ ತೆಗೆದ್ಬಿಡ್ತಾರೆ.”

ಆಯಿತು ಸರ್ ಎಂದೆ. ಹೊಸಬಳೊಬ್ಬಳು ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು ನಮ್ಮಿಬ್ಬರನ್ನೇ ನೋಡುತ್ತಾ ನಿಂತಿದ್ದಳು. ಹೆಸರು ಇನ್ನೂ ನನ್ನ ಬಾಯಿಗೆ ಹತ್ತಿಲ್ಲ.

ಈ ಹಾಲ್ ಹೋದರೆ ಚಾಮರಾಜಪೇಟೆಯಲ್ಲಿ ಇನ್ನೊಂದು ಎಲ್ಲಿ ಸಿಗುತ್ತದೆ. ವಾರವೆಲ್ಲ ಟೆಲಿಫೋನ್ ಆಫೀಸಿನಲ್ಲಿ ಕೂತು ಜನರ ದೂರು ಬರೆದುಕೊಳ್ಳುತ್ತೇನೆ. ಸ್ಪೋರ್ಟ್ಸ್ ಕೋಟಾದ ಕೆಲಸ, ಅಲ್ಲಿ ಸ್ಪೋರ್ಟ್ಸ್ ಒಂದು ಬಿಟ್ಟು ಉಳಿದದ್ದೆಲ್ಲ ಇದೆ. ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಬರಿಗಾಲಲ್ಲಿ ಮ್ಯಾಟ್ ಮೇಲೆ ನಿಂತಾಗಲೇ ನಾನು ನಾನು. ಇದನ್ನು ಮನೆಯಲ್ಲಿ ಇವರ ಹತ್ತಿರವೂ ಹೇಳಿಲ್ಲ. ಹೇಳಿದರೆ ಮನೆ ಕೆಲಸ ಯಾರು ಮಾಡ್ತಾರೆ ಅಂತ ನಗುತ್ತಾರೆ.

ಜೂನ್ 10. ಭಾನುವಾರ

ತಂಟೆ ಹುಟ್ಟುವುದು ಕಾಯುವಾಗ. ಇಷ್ಟು ವರ್ಷಕ್ಕೆ ಅದಾದರೂ ತಿಳಿದಿದೆ. ಒಂದು ಮಗು ಉರುಳುತ್ತದೆ, ಮಿಕ್ಕವು ಕಾಯುತ್ತವೆ. ಕಾಯುವ ಮಗುವಿನ ಕೈ ಪಕ್ಕದವಳ ಜಡೆಗೆ ಹೋಗುತ್ತದೆ.

ಇವತ್ತು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಬ್ಬೊಬ್ಬರಿಗೂ ಒಂದು ದುಂಡು ಬರೆದೆ. ಇದು ನಿನ್ನ ಮನೆ, ಆಚೆ ಬರಬೇಡ ಎಂದೆ. ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಅಭಿರಾಮ ತನ್ನ ಮನೆಗೆ ಗೇಟು ಬೇಕು ಅಂದ. ಒಬ್ಬಳು ಬಾಡಿಗೆಗೆ ಕೊಟ್ಟಿದ್ದೇನೆ ಅಂದಳು. ಹಾಲ್ ತುಂಬ ಮನೆಮನೆ ಓಡಾಟ, ಧಡಧಡ. ಕೆಳಗಿನಿಂದ ಯಾರೋ ಕೋಲಲ್ಲಿ ಸೂರು ತಟ್ಟಿದರು.

ಜೂನ್ 16. ಶನಿವಾರ

ಸಿಕ್ಕಿತು! ಬರೆದಿಡಬೇಕು.

ಇವತ್ತು ಕಾರ್ಟ್‌ವೀಲ್, ಕೈ ಊರಿ ಪಕ್ಕಕ್ಕೆ ಉರುಳಿ ನಿಲ್ಲುವುದು. ಮಕ್ಕಳು ಅದಕ್ಕೆ ಚಕ್ರ ಅನ್ನುತ್ತಾರೆ. ಕೈ, ಕೈ, ಕಾಲು, ಕಾಲು ಅಂತ ಹೇಳಿಕೊಡುತ್ತಿದ್ದೆ, ಗೋಡೆಗೆ ಹೇಳಿದ ಹಾಗೆ. ಆ ಹೊಸ ಹುಡುಗಿಯ ಸರದಿ ಬಂತು. ಶಿವರಂಜಿನಿ. ಎಂಟು ವರ್ಷ, ಗುಂಡು ಗುಂಡಗೆ, ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟವರ ಮಗಳು. ಕೈ ಊರಿದಳು, ಕಾಲು ಮಡಚಿಕೊಂಡಳು, ಕಪ್ಪೆಯ ಹಾಗೆ ಹಾರಿ ಕುಂಡಿಯ ಮೇಲೆ ಕೂತಳು. ತಮಾಷೆ ಅದಲ್ಲ. ಕೂತವಳು ಎದ್ದು, ನಾನು ಕಲಿಸಿದ್ದೆನಲ್ಲ — ಮುಗಿದ ಮೇಲೆ ಎರಡೂ ಕೈ ಮೇಲೆತ್ತಿ, ಎದೆ ಎತ್ತಿ, ನಗುತ್ತಾ ಜಡ್ಜ್ ಕಡೆ ನೋಡಬೇಕು ಅಂತ — ಹಾಗೇ ನಿಂತಳು. ಪದಕ ಗೆದ್ದವರ ಹಾಗೆ.

ಏನನ್ನಿಸಿತೋ. ಅವಳು ಮಾಡಿದ್ದನ್ನೇ ಮಾಡಿ ತೋರಿಸಿದೆ. ಕಪ್ಪೆ ಹಾರಿಕೆ, ಧೊಪ್ಪನೆ ಕೂರುವುದು, ಕೊನೆಗೆ ಕೈ ಎತ್ತಿ ನಗು. ಎಲ್ಲರೂ ನಕ್ಕರು. ನಕ್ಕು ಮುಗಿಸಿ — ಸುಮ್ಮನಾದರು. ಎಲ್ಲ ಕಣ್ಣೂ ನನ್ನ ಮೇಲೆ. ಆ ಸಂದಿನಲ್ಲಿ ಸರಿಯಾದ ಚಕ್ರ ಮಾಡಿ ತೋರಿಸಿದೆ, ನೋಡಿದರು! ಆಮೇಲೆ ಒಬ್ಬೊಬ್ಬರೂ ಮಾಡಿದರು, ಕಾಲು ನೆಟ್ಟಗೆ. ಅಭಿರಾಮ ಕೂಡ.

ಶಿವರಂಜಿನಿಯೂ ನಕ್ಕಳು. ಮನೆಯಲ್ಲಿ ಇವರಿಗೆ ಅಡುಗೆಮನೆಯಲ್ಲೇ ಕೈ ಎತ್ತಿ ನಿಲ್ಲುವುದನ್ನು ಮಾಡಿ ತೋರಿಸಿದೆ. ಕಾಫಿ ಚೆಲ್ಲುವ ಹಾಗೆ ನಕ್ಕರು.

ಜುಲೈ 1. ಭಾನುವಾರ, ಬೆಳಿಗ್ಗೆ 10

ನಡೆಯುತ್ತಿದೆ. ಈಗ ಅದಕ್ಕೊಂದು ಹೆಸರೂ ಬಂದಿದೆ, ತಪ್ಪು ತೋರಿಸುವ ಆಟ. ಎಲ್ಲರೂ ಚಕ್ಕಂಬಕ್ಕಳ ಹಾಕಿ, ಕೈ ತೊಡೆ ಮೇಲೆ ಇಟ್ಟು ಕೂರಬೇಕು. ತಪ್ಪು ಎಲ್ಲಿದೆ ಅಂತ ಹುಡುಕಬೇಕು. ಮಾತಾಡಿದವರಿಗೆ ಹೇಳುವ ಅವಕಾಶ ಇಲ್ಲ. ಸೂಜಿ ಬಿದ್ದರೆ ಕೇಳಿಸುತ್ತದೆ. ನರಸಿಂಹಯ್ಯನವರು ಮೇಲೆ ಬಂದು ಇಣುಕಿ, ಕ್ಲಾಸ್ ಇದೆಯೋ ಇಲ್ಲವೋ ಅಂತ ನೋಡಲು ಬಂದೆ ಎಂದರು.

ಮೊದಲು ಎಲ್ಲರ ತಪ್ಪನ್ನೂ ಮಾಡಿ ತೋರಿಸುತ್ತಿದ್ದೆ. ಅಭಿರಾಮನದು ಮಾಡಿದ ದಿನ ಅವನು ಅತ್ತ. ಮಾರನೇ ದಿನ ಅವನ ತಾಯಿ ಬಂದು, ನನ್ನ ಮಗನನ್ನು ಹಾಗೆಲ್ಲ ಆಡಿಕೊಳ್ಳಬೇಡಿ ಎಂದರು. ಚೈತನ್ಯಾ ಮುಖ ಊದಿಸಿಕೊಂಡು ಗೋಡೆ ಕಡೆ ತಿರುಗಿ ಕೂತಳು. ಬೇಜಾರು ಮಾಡಿಕೊಳ್ಳದವಳು ಶಿವರಂಜಿನಿ ಒಬ್ಬಳೇ. ಬೇಜಾರಾಗುತ್ತಾ ಅಂತ ಕೇಳಿದೆ ಕೂಡ. ಇಲ್ಲ ಮಿಸ್ ಎಂದಳು. ಹಾಗಾಗಿ ಅವಳದೇ ಉಳಿಯಿತು. ಶಿವು ತಪ್ಪು ಅಂತಲೇ ಮಕ್ಕಳು ಕರೆಯುತ್ತಾರೆ. ಪ್ರೀತಿಯಿಂದಲೇ.

ಜುಲೈ 21. ಶನಿವಾರ

ಎಡ ಮೊಣಕಾಲು ಊದಿದೆ. ಹಾಗಾಗಿ ಈಗ ತಪ್ಪನ್ನೂ ನಾನು ಮಾಡುವುದಿಲ್ಲ. “ಶಿವು, ಬಾಮ್ಮಾ” ಅಂದರೆ ಸಾಕು, ಎದ್ದು ಬರುತ್ತಾಳೆ. ಸಾಲಿನಲ್ಲಿ ಕೂರುವುದನ್ನೂ ಬಿಟ್ಟಿದ್ದಾಳೆ, ನನ್ನ ಪಕ್ಕದಲ್ಲೇ ಜಾಗ.

ಏನು ಚುರುಕು! ಮುಂದಕ್ಕೆ ಉರುಳುವ ಫಾರ್ವರ್ಡ್ ರೋಲ್‌ನಲ್ಲಿ ನೆತ್ತಿ ಊರುವುದು, ಮಂಡಿ ಅಗಲಿಸುವುದು, ಏಳುವಾಗ ಕೈ ಊರುವುದು... ಯಾವತ್ತು ಯಾವ ಪಾಠವೋ ಅವತ್ತಿಗೆ ಬೇಕಾದ ತಪ್ಪನ್ನು ಸರಿಯಾಗಿ ಮಾಡುತ್ತಾಳೆ. ಒಂದೂ ಬಿಡುವುದಿಲ್ಲ. ಎದ್ದು ಕೈ ಎತ್ತಿ ನಗುತ್ತಾಳೆ. ಅವಳು ಕೂತ ಮೇಲೆ ನಾನು, “ಈಗ ಸರಿಯಾದ್ದು ಚೈತನ್ಯಾ ತೋರಿಸ್ತಾಳೆ” ಅನ್ನುತ್ತೇನೆ. ಹಾಲ್ ನಿಶ್ಶಬ್ದ.

ಇವತ್ತು ಗಂಟಲಿಗೆ ಏನೂ ಆಗಿಲ್ಲ.

ಸೆಪ್ಟೆಂಬರ್ 1. ಶನಿವಾರ

ಬರೆಯದೆ ಬಹಳ ದಿನವಾಯಿತು. ಎಲ್ಲ ಸರಿಯಾಗಿ ನಡೆದಾಗ ಬರೆಯಲು ಏನಿರುತ್ತದೆ.

ನವೆಂಬರ್ ಕೊನೆಯಲ್ಲಿ ಸಂಘದ ರಾಜ್ಯೋತ್ಸವ. ನಮ್ಮ ಮಕ್ಕಳ ಪ್ರದರ್ಶನವೂ ಇರಲಿ ಅಂತ ನರಸಿಂಹಯ್ಯನವರೇ ಕೇಳಿದರು. ನಂಬಲಾಗಲಿಲ್ಲ, ಜೂನ್‌ನಲ್ಲಿ ಓಡಿಸಲು ಬಂದಿದ್ದ ಮನುಷ್ಯ. ಆಮೇಲೆ, ಆ ದಪ್ಪ ಹುಡುಗಿ ಬೀಳುತ್ತಾಳಲ್ಲ, ಅದನ್ನೂ ಇಟ್ಟರೆ ಜನ ನಗುತ್ತಾರೆ ಎಂದರು. ದಪ್ಪ ಅನ್ನಬೇಡಿ ಅಂತ ಹೇಳಬೇಕಿತ್ತು. ಇಡೋಣ ಸರ್ ಎಂದೆ.

ಸೆಪ್ಟೆಂಬರ್ 29. ಶನಿವಾರ

ಶಿವರಂಜಿನಿಯ ಅಜ್ಜಿ ಗುರುಬಸಮ್ಮ ಇವತ್ತು ಕ್ಲಾಸ್ ಬಿಡುವ ಹೊತ್ತಿಗೆ ಬಂದಿದ್ದರು. ಅಕ್ಕಿಪೇಟೆಯಿಂದ ನಡೆದೇ ಬಂದಿದ್ದಾರೆ. ಹಣೆ ತುಂಬ ವಿಭೂತಿ, ಸೆರಗಲ್ಲಿ ಗಂಟು ಕಟ್ಟಿದ ಕಲ್ಲುಸಕ್ಕರೆ. ನನ್ನ ಎರಡೂ ಕೈ ಹಿಡಿದುಕೊಂಡರು.

“ನಮ್ ಹುಡ್ಗಿ ನಿಮ್ ಕ್ಲಾಸಲ್ಲಿ ಸಣ್ಣ ಮೇಡಂ ಅಂತೆ. ಮಿಸ್ಸು ನನ್ನನ್ನೇ ಕರೀತಾರೆ ಅಜ್ಜಿ, ನಾನಿಲ್ದಿದ್ರೆ ಯಾರೂ ಪಾಠ ಕೇಳಲ್ಲ ಅಂತಾಳೆ.”

ಮನೆಯ ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಚಕ್ರ ಹಾಕುತ್ತಾಳಂತೆ. ಕಾಲು ಕಡ್ಡಿಯ ಹಾಗೆ ನೆಟ್ಟಗಿರುತ್ತದಂತೆ. ಅಜ್ಜಿಯರ ಮಾತು ಅಂತ ನಕ್ಕೆ. ಹುಡುಗಿ ಅಜ್ಜಿಯ ಸೀರೆ ಹಿಡಿದು ಜಗ್ಗುತ್ತಿದ್ದಳು, ಸಾಕು ಬಾ ಅಂತ.

ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡೆ. ಸಣ್ಣ ಮೇಡಂ ಅನ್ನುವ ಮಾತು ಮನೆಗೆ ಬರುವವರೆಗೂ ತಲೆಯಲ್ಲೇ ಇತ್ತು.

ಅಕ್ಟೋಬರ್ 7. ಭಾನುವಾರ, ಮಧ್ಯಾಹ್ನ

ಅಡುಗೆ ಮಾಡಿಲ್ಲ. ತಲೆನೋವು ಅಂತ ಇವರಿಗೆ ಹೇಳಿ ಕೋಣೆ ಸೇರಿದ್ದೇನೆ.

ಬೆಳಿಗ್ಗೆ ಬೇಗ ಹೋಗಿದ್ದೆ. ಹಾಲ್ ಬಾಗಿಲು ತೆರೆದಿತ್ತು. ಕೊನೆ ಮೆಟ್ಟಿಲಲ್ಲಿ ನಿಂತೆ. ಒಳಗೆ ಶಿವರಂಜಿನಿ ಒಬ್ಬಳೇ. ಮ್ಯಾಟ್ ತಾನೇ ಎಳೆದು ಹಾಸಿಕೊಂಡಿದ್ದಾಳೆ. ಕೈ ಎತ್ತಿ ನಿಂತಳು. ಚಕ್ರ ಹಾಕಿದಳು. ಕೈ, ಕೈ, ಕಾಲು, ಕಾಲು. ಮಂಡಿ ಬಿಗಿ, ಪಾದ ಚೂಪು, ಸೊಂಟ ನೇರ. ಚೈತನ್ಯಾಳಿಗಿಂತ ಚೆನ್ನಾಗಿತ್ತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಆ ವಯಸ್ಸಿನಲ್ಲಿ ನಾನು ಮಾಡುತ್ತಿದ್ದುದಕ್ಕಿಂತ ಚೆನ್ನಾಗಿತ್ತು. ನಿಂತು, ಖಾಲಿ ಹಾಲ್ ಕಡೆ ಕೈ ಎತ್ತಿದಳು. ನಗಲಿಲ್ಲ. ಮುಖ ಗಂಭೀರವಾಗಿತ್ತು.

ಒಳಗೆ ಹೋಗಬೇಕಿತ್ತು. ಮೆಟ್ಟಿಲಿಳಿದು ಆಮೇಲೆ ಸದ್ದು ಮಾಡುತ್ತಾ ಹತ್ತಿ ಬಂದೆ. ಯಾಕೆ ಹಾಗೆ ಮಾಡಿದೆ?

ಕ್ಲಾಸ್ ಶುರುವಾಯಿತು. ಮಕ್ಕಳು ಗಲಗಲ. ಬಾಯಿಗೆ ಅಭ್ಯಾಸ, “ಶಿವು, ಬಾಮ್ಮಾ” ಅಂದೆ. ಬಂದಳು. ಕಾಲು ಮಡಚಿದಳು, ಕಪ್ಪೆ ಹಾರಿದಳು, ಕೂತಳು, ಕೈ ಎತ್ತಿ ನಕ್ಕಳು. ಎಲ್ಲರೂ ನಕ್ಕು ಸುಮ್ಮನಾದರು.

ಎಲ್ಲರೂ ಹೋದ ಮೇಲೆ ಕೂರಿಸಿಕೊಂಡು ಕೇಳಿದೆ. ಬೆಳಿಗ್ಗೆ ನೋಡಿದೆ, ನಿನಗೆ ಬರುತ್ತದಲ್ಲ, ಯಾಕೆ ತಪ್ಪು ಮಾಡುತ್ತೀಯ ಅಂತ. ಕಳ್ಳಿ ಸಿಕ್ಕಿಬಿದ್ದ ಹಾಗೆ ತಲೆ ತಗ್ಗಿಸಿದಳು. ಆಷಾಢದಲ್ಲೇ ಬರುತ್ತಿತ್ತಂತೆ.

“ನಾನ್ ಸರಿ ಮಾಡಿದ್ರೆ ಯಾರೂ ನೋಡಲ್ಲ ಮಿಸ್. ಗಲಾಟೆ ಮಾಡ್ತಾರೆ. ಆಮೇಲೆ ಆ ತಾತ ನಿಮ್ ಕ್ಲಾಸ್ ತೆಗೆದ್ಬಿಡ್ತಾರಲ್ಲ.”

ಜೂನ್‌ನಲ್ಲಿ ಒಂದು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದವಳು. ಅವಳೇ.

ನಾಚಿಕೆ. ಇನ್ನೇನೂ ಬರೆಯಲು ತೋಚುತ್ತಿಲ್ಲ. ಎಂಟು ವರ್ಷದ ಮಗು ನನ್ನ ಹಾಲ್ ಉಳಿಸಿಕೊಡಲು ವಾರಕ್ಕೆ ಎರಡು ಸಲ ಬಿದ್ದಿದೆ. ನಾನು ಅದನ್ನು ಚುರುಕು ಅಂತ ಬರೆದುಕೊಂಡಿದ್ದೇನೆ.

ಅಕ್ಟೋಬರ್ 25. ಗುರುವಾರ, ಆಯುಧಪೂಜೆ

ಹಾಲ್‌ನಲ್ಲಿ ಪೂಜೆ. ವಾಲ್ಟಿಂಗ್ ಬಾಕ್ಸಿಗೆ, ಸ್ಪ್ರಿಂಗ್‌ಬೋರ್ಡಿಗೆ ಅರಿಶಿನ ಕುಂಕುಮ, ಸೇವಂತಿಗೆ. ಕುಂಬಳಕಾಯಿ ಒಡೆಯುವುದನ್ನು ಮಕ್ಕಳಿಗೆ ಬಿಟ್ಟೆ. ಶಿವು ಮ್ಯಾಟಿನ ನಾಲ್ಕು ಮೂಲೆಗೂ ಕುಂಕುಮ ಇಟ್ಟು, ಮಂಡಿಯೂರಿ ನಮಸ್ಕಾರ ಮಾಡಿದಳು. ಅವಳು ವಾರವಾರವೂ ಬೀಳುತ್ತಿದ್ದ ಮ್ಯಾಟ್ ಅದು. ನನಗೆ ಕೈ ಮುಗಿಯಲು ಆಗಲಿಲ್ಲ, ಸುಮ್ಮನೆ ಹೂವಿನ ಬುಟ್ಟಿ ಹಿಡಿದು ನಿಂತಿದ್ದೆ.

ಎರಡು ವಾರ ತಪ್ಪಿನ ಆಟ ಆಡಿಸಿಲ್ಲ. ಕಾಲುನೋವು ಅಂತ ಹೇಳಿ ಬರೀ ಕೈಕಾಲು ಆಡಿಸುವ ವ್ಯಾಯಾಮ ಮಾಡಿಸಿದ್ದೇನೆ. ರಾತ್ರಿ ಊಟಕ್ಕೆ ಕೂತಾಗ ಇವರು, “ಎಲ್ಲಿ ನಿನ್ ಕಪ್ಪೆ ಹುಡ್ಗಿ, ಈಗೀಗ ಕತೇನೇ ಹೇಳಲ್ಲ” ಎಂದರು. ಆ ಹೆಸರನ್ನು ಅವರಿಗೆ ಕೊಟ್ಟವಳು ನಾನೇ.

ಅಕ್ಟೋಬರ್ 27. ಶನಿವಾರ

ಹೇಳಿಬಿಟ್ಟೆ. ಇನ್ನು ಮೇಲೆ ತಪ್ಪು ತೋರಿಸುವ ಆಟ ಇಲ್ಲ ಅಂತ.

ಯಾಕೆ ಮಿಸ್, ಯಾಕೆ ಮಿಸ್ ಅಂತ ಶುರುವಾದದ್ದು ನಿಲ್ಲಲೇ ಇಲ್ಲ. ಅಭಿರಾಮ ಮತ್ತೆ ಕಿಟಕಿಗೆ. ಸಾಲು ಚದುರಿತು. ಇಬ್ಬರು ಮ್ಯಾಟ್ ಸುತ್ತಿ ಅದರೊಳಗೆ ಮಲಗಿದರು. ಕೂಗಿದೆ. ಕೈ ತಟ್ಟಿದೆ. ಮೆಟ್ಟಿಲಲ್ಲಿ ನರಸಿಂಹಯ್ಯನವರ ಕೆಮ್ಮು ಕೇಳಿಸಿತು.

ನನಗಿಂತ ಮೊದಲು ಶಿವುಗೆ ಕೇಳಿಸಿತ್ತು. ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು. ಯಾರೂ ಕರೆಯದೆ ಎದ್ದು ಬಂದು, ಕೈ ಎತ್ತಿ, ಬಿದ್ದಳು. ಎಂದಿಗಿಂತ ಜೋರಾಗಿ. ನಗು. ಆಮೇಲೆ ನಿಶ್ಶಬ್ದ. ಕಾರ್ಯದರ್ಶಿಗಳು ಇಣುಕಿ, ತಲೆದೂಗಿ ಇಳಿದು ಹೋದರು.

ನಾನು? “ಈಗ ಸರಿಯಾದ್ದು ಚೈತನ್ಯಾ ತೋರಿಸ್ತಾಳೆ” ಅಂದೆ. ಗೊತ್ತಿದ್ದೂ ಅಂದೆ. ಅವಳು ಕೊಟ್ಟಳು, ನಾನು ತೆಗೆದುಕೊಂಡೆ.

ನವೆಂಬರ್ 10. ಶನಿವಾರ, ಸಂಜೆ

ಒಂದು ದಾರಿ ಹೊಳೆದಿದೆ. ತಪ್ಪು ನಾನೇ ಮಾಡುವುದು, ನನ್ನ ತಪ್ಪು. ಸರಿಯಾದ್ದನ್ನು ಶಿವು ತೋರಿಸುವುದು. ರಾಜ್ಯೋತ್ಸವಕ್ಕೂ ಇದೇ. ಅವಳ ಅಪ್ಪ, ಅಜ್ಜಿ ಎಲ್ಲರೂ ಬರುತ್ತಾರೆ. ಒಂದು ಸಲವಾದರೂ ಜನರ ಎದುರು ಅವಳ ಕಾಲು ನೆಟ್ಟಗಿರುವುದನ್ನು ಅವರು ನೋಡಬೇಕು.

ಇವತ್ತು ಮಾಡಿ ನೋಡಿದೆ. ಮೊಣಕಾಲಿಗೆ ಪಟ್ಟಿ ಬಿಗಿದು ಕಪ್ಪೆ ಹಾರಿ ಕೂತೆ. ಜೂನ್‌ನಲ್ಲಿ ನಾನು ಹಾರಿದಾಗ ಮಕ್ಕಳು ಶಿವುವನ್ನು ನೋಡಿ ನಕ್ಕಿದ್ದವು. ಇವತ್ತು ನಕ್ಕದ್ದು ನನ್ನನ್ನು ನೋಡಿ. ಮಿಸ್ ಬಿದ್ರು, ಮಿಸ್ ದಪ್ಪ ಆಗಿದಾರೆ, ಮಿಸ್‌ಗೆ ವಯಸ್ಸಾಯ್ತು ಅಂತ ಅಭಿರಾಮ ಹೊಟ್ಟೆ ಹಿಡಿದುಕೊಂಡು ಉರುಳಾಡಿದ. ಏಳಲು ಆಗಲಿಲ್ಲ. ನಲವತ್ತೊಂದು ವರ್ಷದವಳಿಗೆ ಕಣ್ಣಲ್ಲಿ ನೀರು ಬಂತು. ಮಕ್ಕಳ ನಗುವಿಗೆ!

ಶಿವು ಎಬ್ಬಿಸಲು ಬಂದವಳ ಹಾಗೆ ಬಗ್ಗಿ ಕಿವಿಯಲ್ಲಿ ಹೇಳಿದಳು.

“ಮೊದಲ್ನೇ ಸಲ ಕಿವಿ ಎಲ್ಲ ಬಿಸಿಯಾಗತ್ತೆ ಮಿಸ್. ನೀವು ನಗ್ತಾ ಇರಿ. ಆಮೇಲೆ ಅಭ್ಯಾಸ ಆಗ್ಬಿಡತ್ತೆ.”

ಆಮೇಲೆ ಅವಳು ಚಕ್ರ ಹಾಕಿದಳು. ಸರಿಯಾದ್ದು. ನನ್ನನ್ನು ನೋಡಿ ನಗುವುದರಲ್ಲೇ ಇದ್ದ ಮಕ್ಕಳಲ್ಲಿ ಅರ್ಧ ಜನ ನೋಡಲಿಲ್ಲ. ಸರಿ ಮಾಡಿದರೆ ಯಾರೂ ನೋಡಲ್ಲ ಅಂತ ಅವಳು ಹೇಳಿದ್ದೇ ಸರಿ.

ಬೇಜಾರಾಗುತ್ತಾ ಅಂತ ಜುಲೈನಲ್ಲಿ ಕೇಳಿದ್ದೆ. ಇಲ್ಲ ಮಿಸ್ ಅಂದಿದ್ದಳು. ಅಷ್ಟಕ್ಕೇ ನನಗೆ ಸಾಕಾಗಿತ್ತು.

ನವೆಂಬರ್ 25. ಭಾನುವಾರ, ಬೆಳಿಗ್ಗೆ 8

ಹತ್ತು ಗಂಟೆಗೆ ಕಾರ್ಯಕ್ರಮ. ಟ್ರ್ಯಾಕ್ ಪ್ಯಾಂಟ್ ಇಸ್ತ್ರಿ ಮಾಡಿಟ್ಟಿದ್ದೆ. ಈಗಷ್ಟೇ ನರಸಿಂಹಯ್ಯನವರ ಫೋನ್. ಮಕ್ಕಳಿಗೆ ಶಿಸ್ತು ಕಲಿಸಿದ್ದಕ್ಕೆ ನನಗೆ ಸನ್ಮಾನ ಇದೆಯಂತೆ, ಶಾಲು, ಹಣ್ಣಿನ ಬುಟ್ಟಿ. ಅಧ್ಯಕ್ಷರೇ ಹೊದಿಸುತ್ತಾರಂತೆ. ಇವರೂ ಬರುತ್ತಾರೆ, ಆಫೀಸಿನವರೂ ಇಬ್ಬರು ಬರುತ್ತೇವೆ ಅಂದಿದ್ದಾರೆ.

ರೇಷ್ಮೆ ಸೀರೆ ಉಟ್ಟಿದ್ದೇನೆ. ಟ್ರ್ಯಾಕ್ ಪ್ಯಾಂಟಿನಲ್ಲಿ ಶಾಲು ಹೇಗೆ ಹೊದ್ದುಕೊಳ್ಳುವುದು? ಸೀರೆಯಲ್ಲಿ ಬೀಳಲಂತೂ ಆಗುವುದಿಲ್ಲ. ಪರವಾಗಿಲ್ಲ, ತಪ್ಪು ಇಲ್ಲದೆಯೇ ನಡೆಯಲಿ. ಶಿವುಗೆ ಹೇಳಿದರಾಯಿತು, ನೇರವಾಗಿ ಸರಿಯಾದ್ದೇ ಮಾಡು ಅಂತ. ಚಿಕ್ಕ ಬದಲಾವಣೆ.

ಅದೇ ದಿನ, ಮಧ್ಯಾಹ್ನ 3

ಶಾಲು ಕುರ್ಚಿಯ ಮೇಲಿದೆ. ನೋಡಲು ಆಗುತ್ತಿಲ್ಲ.

ಹೇಳಲು ಸಮಯವೇ ಸಿಗಲಿಲ್ಲ ಅಂತ ಬರೆಯಲು ಹೊರಟಿದ್ದೆ. ಸುಳ್ಳು. ಸಮಯವಿತ್ತು. ಅಧ್ಯಕ್ಷರ ಪಕ್ಕದಲ್ಲಿ ಫೋಟೋಗೆ ನಿಂತಿದ್ದೆ.

ಹಾಲ್ ತುಂಬ ಜನ. ನಮ್ಮ ಸರದಿ ಬರುವಷ್ಟರಲ್ಲಿ ಮೈಸೂರುಪಾಕು ಹಂಚಲು ಶುರು ಮಾಡಿದ್ದರು, ಯಾರಿಗೂ ವೇದಿಕೆಯ ಮೇಲೆ ಗಮನವಿಲ್ಲ. ಚೈತನ್ಯಾ, ಅಭಿರಾಮ ಎಲ್ಲ ರೋಲ್ ಮಾಡಿದರು, ಚಪ್ಪಾಳೆ ಅಲ್ಲೊಂದು ಇಲ್ಲೊಂದು. ಶಿವು ಬಂದಳು. ಕೆಂಪು ಹಳದಿ ರಿಬ್ಬನ್ ಕಟ್ಟಿಕೊಂಡಿದ್ದಳು. ನಾನು ಬಂದು ಬೀಳುತ್ತೇನೆ ಅಂತ ಪಕ್ಕಕ್ಕೆ ಸರಿದು ಜಾಗ ಬಿಟ್ಟು ಕಾದಳು. ನನ್ನ ಕಡೆ ನೋಡಿದಳು. ಸೀರೆ ನೋಡಿದಳು, ಜರಿ, ಅಂಚು, ಶಾಲು. ಗಲಾಟೆ ಮಾಡುತ್ತಿದ್ದ ಜನರನ್ನು ನೋಡಿದಳು.

ಅರ್ಥ ಮಾಡಿಕೊಂಡಳು. ಯಾರಾದರೂ ಬೀಳಬೇಕಲ್ಲ.

ಕೈ ಎತ್ತಿದಳು, ಕಾಲು ಮಡಚಿದಳು, ಧೊಪ್ಪನೆ ಕೂತಳು. ಎದ್ದು ನಕ್ಕಳು. ಹಾಲ್ ಹಾಲೇ ನಕ್ಕಿತು. ನರಸಿಂಹಯ್ಯನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅವಳ ಅಪ್ಪ ಮೊದಲು ನಗಲು ಹೋಗಿ, ಆಮೇಲೆ ಸುತ್ತ ನೋಡಿ, ತಲೆ ತಗ್ಗಿಸಿ ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೂತರು.

ಜನ ಸುಮ್ಮನಾದರು. ಈಗ ಎಲ್ಲರೂ ನೋಡುತ್ತಿದ್ದಾರೆ. ಅವಳು ಮ್ಯಾಟಿನ ತುದಿಯಲ್ಲಿ ಮತ್ತೆ ಕೈ ಎತ್ತಿ ನಿಂತಿದ್ದಾಳೆ, ಸರಿಯಾದ್ದನ್ನು ಮಾಡಲು. ಮುಖ ಗಂಭೀರ, ಅವತ್ತು ಖಾಲಿ ಹಾಲ್‌ನಲ್ಲಿ ಇದ್ದ ಹಾಗೆ. ಮೈಕ್ ನನ್ನ ಕೈಯಲ್ಲಿತ್ತು. ಬಾಯಿಗೆ ಬಂದದ್ದು —

“ಈಗ ಸರಿಯಾದ್ದು ಚೈತನ್ಯಾ ತೋರಿಸ್ತಾಳೆ.”

ಎತ್ತಿದ ಕೈ ಇಳಿಸಿದಳು. ತನ್ನ ಜಾಗಕ್ಕೆ ಹೋಗಿ ಕೂತಳು, ಚಕ್ಕಂಬಕ್ಕಳ, ಕೈ ತೊಡೆ ಮೇಲೆ.

ಬೇಕಂತ ಅಂದದ್ದಲ್ಲ. ಅದನ್ನು ಬರೆದರೆ ಏನು, ಬಿಟ್ಟರೆ ಏನು.

ಕೆಳಗೆ ಗುರುಬಸಮ್ಮ ಸಿಕ್ಕರು. “ಮನೇಲಿ ಎಷ್ಟ್ ಚೆನ್ನಾಗ್ ಮಾಡ್ತಾಳೆ ಮೇಡಂ. ಇಲ್ಲ್ಯಾಕೆ ಹಿಂಗಾಯ್ತು?” ಎಂದರು. ಹೆದರಿಕೊಂಡಿರಬೇಕು, ಮೊದಲ ಸಲ ಸ್ಟೇಜು ಎಂದೆ. ಶಾಲು ಹೊದ್ದುಕೊಂಡೇ ಎಂದೆ. ಮಗು ಪಕ್ಕದಲ್ಲೇ ಇತ್ತು. ಹೂಂ ಅಜ್ಜಿ, ಹೆದರಿಕೆ ಆಯ್ತು ಅಂತು.

ನವೆಂಬರ್ 28. ಬುಧವಾರ, ಸಂಜೆ

ಆಫೀಸಿಗೆ ಅರ್ಧ ದಿನ ರಜೆ ಹಾಕಿ ಅಕ್ಕಿಪೇಟೆಗೆ ಹೋದೆ. ಓಣಿಯಲ್ಲಿ ಎರಡು ಸಲ ಅವರ ಮನೆ ದಾಟಿ ಹೋಗಿ ವಾಪಸ್ ಬಂದೆ.

ಗುರುಬಸಮ್ಮ ಅವರೆಕಾಯಿ ಸುಲಿಯುತ್ತಿದ್ದರು. ನೀರು ಕೊಟ್ಟರು. ನಿಂತುಕೊಂಡೇ ಎಲ್ಲ ಹೇಳಿದೆ. ಜೂನ್‌ನಿಂದ, ಒಂದೂ ಬಿಡದೆ. ಹೆದರಿಕೆಯ ಸುಳ್ಳನ್ನೂ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿ ಅಂತ ಆಸೆಯೂ ಇತ್ತು. ಅವರು ಬಹಳ ಹೊತ್ತು ಕಾಯಿ ಸುಲಿದರು.

“ಇದ್ನೆಲ್ಲ ನಂಗ್ಯಾಕ್ ಹೇಳ್ತೀರಿ. ಅವ್ಳಿಗ್ ಹೇಳಿ” ಎಂದರು. ಮೇಡಂ ಅನ್ನಲಿಲ್ಲ.

ಆಗಲೇ ಸ್ಕೂಲಿನಿಂದ ಬಂದಳು. ಬ್ಯಾಗ್ ಇಳಿಸದೆ ಬಾಗಿಲಲ್ಲೇ ನಿಂತಳು. ನನ್ನನ್ನು ನೋಡಿ ಮೊದಲು ಕೇಳಿದ್ದು, ಕ್ಲಾಸ್ ತೆಗೆದುಬಿಟ್ಟರಾ ಮಿಸ್ ಅಂತ. ಇಲ್ಲ ಎಂದೆ. ನಿರಾಳವಾಗಿ ಉಸಿರು ಬಿಟ್ಟಳು.

ತಪ್ಪಾಯಿತು ಅಂತ ಅವಳಿಗೆ ಹೇಳಲು ಎಷ್ಟು ಮಾತು ಜೋಡಿಸಿಕೊಂಡು ಹೋಗಿದ್ದೆ. ಒಂದೂ ನೆನಪಾಗಲಿಲ್ಲ. ಪಡಸಾಲೆಯಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಚಕ್ಕಂಬಕ್ಕಳ ಹಾಕಲು ಮೊಣಕಾಲು ಬಿಡಲಿಲ್ಲ, ಹೇಗೋ ಹಾಕಿದೆ. ಕೈ ತೊಡೆ ಮೇಲೆ ಇಟ್ಟುಕೊಂಡೆ. ಇವತ್ತು ನೋಡುವವಳು ನಾನೊಬ್ಬಳೇ, ನಿನ್ನ ಚಕ್ರ ತೋರಿಸು ಎಂದೆ.

ಬ್ಯಾಗ್ ಇಳಿಸಿದಳು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಗೋಡೆಯ ಹತ್ತಿರ ಹೋಗಿ, ಎರಡೂ ಕೈ ಮೇಲೆತ್ತಿ, ಎದೆ ಎತ್ತಿ ನಿಂತಳು. ಅಜ್ಜಿ ಅವರೆಕಾಯಿ ಕೆಳಗಿಟ್ಟರು. ಹುಡುಗಿ ಕೈ ಎತ್ತಿದ್ದ ಹಾಗೇ ನನ್ನನ್ನು ನೋಡಿ ಕೇಳಿದಳು.

“ಯಾವ್ದು ಮಾಡ್ಲಿ ಮಿಸ್? ಸರಿಯಾದ್ದಾ, ನಂದಾ?”

ನಾನು ಬಾಯಿ ತೆರೆದೆ. ನಿಂದೇ ಸರಿಯಾದ್ದು ಅಂತ ಹೇಳಬೇಕು ಅನ್ನುವಷ್ಟರಲ್ಲಿ ಅವಳು ಕಾಲು ಮಡಚಿ, ಧೊಪ್ಪನೆ ಕೂತು, ಎದ್ದು ನನ್ನ ಕಡೆ ಕೈ ಎತ್ತಿ ನಕ್ಕಳು.